ಹಿತ್ತಲಿನ ಮೂಲೆ ಮತ್ತು ಹೌಝಿನ ಚರಿತ್ರೆ

ಮನೆಯ ಮುಂಬಾಗಿಲಿಗೆ ನಾವು ಕೊಡುವ ಮರ್ಯಾದೆಯನ್ನು ಹಿತ್ತಲಿಗೆ ಕೊಡುವುದಿಲ್ಲ. ಕೋಲಾರದ ನಮ್ಮ ಹಳೆಯ ಮನೆಯ ಹಿತ್ತಲಿನಲ್ಲಿಯೂ ಒಂದು ಮೂಲೆ ಒಡೆದ ಹೆಂಚು, ತುಕ್ಕು ಹಿಡಿದ ಡಬ್ಬಿ, ಮುಳ್ಳುಗಿಡಗಳ ಪಾಲಾಗಿತ್ತು. ಅದನ್ನು ಶುಚಿಗೊಳಿಸಿ, ಚಪ್ಪಡಿ ಹಾಸಿ, ಅಸರ್ ನಮಾಝಿನ ನಂತರ ಮನೆಮಂದಿ ಕುಳಿತುಕೊಳ್ಳುವ ಜಾಗವನ್ನಾಗಿ ಮಾಡಲು ನಿರ್ಧರಿಸಿದೆವು. ಮಕ್ಕಳು ಅಲ್ಲೊಂದು ವಿದ್ಯುತ್ ಕಾರಂಜಿ ಬೇಕೆಂದರು. ಆಗ ನಮ್ಮ ತಾಯಿಯವರು, "ಬೀದಿಯವರು ಟ್ಯಾಂಕರಿಗಾಗಿ ಕೊಡ ಹಿಡಿದು ನಿಂತಿರುವಾಗ ನಮ್ಮ ಮನೆಯ ನೀರು ಕುಣಿಯಬೇಕೇನಪ್ಪಾ?" ಎಂದು ಕೇಳಿದರು. ಈ ಪ್ರಶ್ನೆಗೆ ಉತ್ತರ ಹುಡುಕುತ್ತ ನಾವು ಚರಿತ್ರೆಯ ಪುಟಗಳನ್ನು ತೆರೆಯಬೇಕಾಯಿತು.

ಅಂಗಳದ ನಡುವೆ ನೀರನ್ನಿಡುವ ಪದ್ಧತಿ ನಮ್ಮ ಪೂರ್ವಿಕರಿಗೆ ಹೊಸದಲ್ಲ. 8ನೆಯ ಶತಮಾನದ ಕೊನೆಯಲ್ಲಿ ಆರಂಭವಾದ ಕೊರ್ದೋಬಾದ ಮಹಾ ಮಸೀದಿಯ ಅಂಗಳದಲ್ಲಿ ಕಿತ್ತಳೆ ಮರಗಳ ಬುಡಕ್ಕೆ ನೀರುಣಿಸುವ ಸಣ್ಣ ಕಾಲುವೆಗಳನ್ನು ಇಂದಿಗೂ ಕಾಣಬಹುದು. 14ನೆಯ ಶತಮಾನದಲ್ಲಿ ಗ್ರನಾಡಾದ ಅಲ್‌ಹಮ್ರಾ ಅರಮನೆಯಲ್ಲಿ ಹನ್ನೆರಡು ಕಲ್ಲಿನ ಸಿಂಹಗಳು ಹೊತ್ತ ಕಾರಂಜಿ ನಿರ್ಮಾಣವಾಯಿತು. ಅದಕ್ಕೆ ಬೇಕಾದ ನೀರನ್ನು ದಾರೋ ನದಿಯಿಂದ ಕಾಲುವೆ ತೋಡಿ, ಇಳಿಜಾರಿನ ಬಲದಿಂದಲೇ ತಂದರು. ಪವಿತ್ರ ಕುರ್‌ಆನ್ ಸ್ವರ್ಗವನ್ನು ತಳದಲ್ಲಿ ಹೊಳೆಗಳು ಹರಿಯುವ ತೋಟವೆಂದು ವರ್ಣಿಸುತ್ತದೆ. ಬಿಸಿಲಿನ ನಾಡುಗಳ ಮುಸ್ಲಿಮರು ಅದರ ನೆನಪನ್ನು ತಮ್ಮ ಅಂಗಳಗಳಲ್ಲಿ ಉಳಿಸಿಕೊಂಡರು.

ಆದರೆ ಹೌಝ್ ಕೇವಲ ಅಲಂಕಾರವಾಗಿರಲಿಲ್ಲ, ಅದು ಮೊದಲು ವುಝೂವಿನ ಸಾಧನವಾಗಿತ್ತು. ಹನಫಿ ಫಿಕ್‌ಹ್‌ನಲ್ಲಿ ಹತ್ತು ಮೊಳ ಉದ್ದ, ಹತ್ತು ಮೊಳ ಅಗಲದ ಕೊಳವನ್ನು ಹೆಚ್ಚು ನೀರೆಂದು ಪರಿಗಣಿಸುವರು. ಅಲ್ಪ ಅಶುದ್ಧಿ ಬಿದ್ದರೂ ನೀರಿನ ಬಣ್ಣ, ರುಚಿ, ವಾಸನೆ ಬದಲಾಗದಿದ್ದರೆ ಅದು ಅಶುದ್ಧವಾಗುವುದಿಲ್ಲ. ನಮ್ಮ ಹಳೆಯ ಮಸೀದಿಗಳ ಹೌಝ್‌ಗಳು ವಿಶಾಲವಾಗಿರುವುದಕ್ಕೆ ಇದೂ ಒಂದು ಕಾರಣ. ಇಷ್ಟೆಲ್ಲ ನೀರಿದ್ದರೂ ಮಿತವ್ಯಯದ ಪಾಠ ಬದಲಾಗಲಿಲ್ಲ. ಪ್ರವಾದಿ(ಸ)ರವರು ಒಂದು ‘ಮುದ್ದ್’, ಎಂದರೆ ಹೆಚ್ಚೆಂದರೆ ಒಂದು ಲೀಟರಿನಷ್ಟು ನೀರಿನಲ್ಲಿ ವುಝೂ ಮಾಡುತ್ತಿದ್ದರು. ಹರಿಯುವ ನದಿಯ ದಡದಲ್ಲಿದ್ದರೂ ನೀರನ್ನು ಪೋಲು ಮಾಡಬಾರದೆಂದು ಅವರು ಎಚ್ಚರಿಸಿದ ವರದಿ ಇಬ್ನ್ ಮಾಜಃ ಸಂಗ್ರಹದಲ್ಲಿದೆ.

ಈ ತೋಟದ ಪರಂಪರೆಗೂ ನಮ್ಮ ಕೋಲಾರಕ್ಕೂ ನಂಟುಂಟು. ಹೈದರ್ ಅಲಿಯವರು ಹುಟ್ಟಿದ್ದು ಬೂದಿಕೋಟೆಯಲ್ಲಿ. ಅವರ ತಂದೆ ಫತೇಹ್ ಮುಹಮ್ಮದ್‌ರವರು ಶಿರಾ ಸುಬೇದಾರರ ಕೆಳಗೆ ಕೋಲಾರದ ಫೌಜುದಾರರಾಗಿದ್ದರು. ಅವರ ಮಕ್ಬರಾ ಕೋಲಾರ ನಗರದಲ್ಲಿಯೇ ಇದೆ. 1782ರ ಡಿಸೆಂಬರಿನಲ್ಲಿ ಚಿತ್ತೂರಿನ ಸಮೀಪ ಹೈದರ್ ಅಲಿಯವರು ನಿಧನರಾದಾಗ ಅವರ ಪಾರ್ಥಿವ ಶರೀರವನ್ನು ಮೊದಲು ತಂದದ್ದು ಇಲ್ಲಿಗೇ. ಬಳಿಕ ಅದನ್ನು ಶ್ರೀರಂಗಪಟ್ಟಣಕ್ಕೆ ಸಾಗಿಸಲಾಯಿತು. 1760ರಲ್ಲಿ ಬೆಂಗಳೂರಿನ ಲಾಲ್‌ಬಾಗ್‌ಗೆ ನಾಂದಿ ಹಾಡಿದವರು ಇದೇ ಹೈದರ್ ಅಲಿಯವರು. ಶಿರಾದ ತೋಟವೇ ಅದಕ್ಕೆ ಮಾದರಿಯೆಂಬ ಮಾತು ಚರಿತ್ರಕಾರರಲ್ಲಿ ಪ್ರಚಲಿತವಾಗಿದೆ.

ವರ್ಷವಿಡೀ ಹರಿಯುವ ನದಿಯಿಲ್ಲದ ಈ ಸೀಮೆಯನ್ನು ಶತಮಾನಗಳ ಕಾಲ ಸಾಕಿದ್ದು ಕೆರೆಗಳು. ಶತಶೃಂಗ ಬೆಟ್ಟದ ಅಂತರಗಂಗೆಯಲ್ಲಿ ಕಲ್ಲಿನ ಬಸವನ ಬಾಯಿಯಿಂದ ಯಾವ ಯಂತ್ರವೂ ಇಲ್ಲದೆ ನೀರು ಸುರಿಯುತ್ತದೆ. ಆದರೆ ಊರೊಳಗೆ ಬಾವಿಗಳು ಬತ್ತಿದವು, ಕೊಳವೆ ಬಾವಿಗಳು ಸಾವಿರ ಅಡಿಯನ್ನೂ ದಾಟಿದವು. ಕೆರೆಗಳನ್ನು ತುಂಬಿಸಿ ಅಂತರ್ಜಲ ಹೆಚ್ಚಿಸಲು 2018ರಿಂದ ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ತ್ಯಾಜ್ಯನೀರನ್ನು ಇಲ್ಲಿಗೆ ಹರಿಸಲಾಗುತ್ತಿದೆ. ಇಂತಹ ನೆಲದಲ್ಲಿ ನಿಂತು ನಮ್ಮ ತಾಯಿಯವರು ಆ ಪ್ರಶ್ನೆ ಕೇಳಿದ್ದರು.

ಕೊನೆಗೆ ಕಾರಂಜಿಯನ್ನು ಕೈಬಿಟ್ಟೆವು, ನೀರನ್ನಲ್ಲ. ಸಾವಿರ ಚದರಡಿಯ ಮಾಳಿಗೆಯ ಮೇಲೆ 1 ಸೆಂಟಿಮೀಟರ್ ಮಳೆ ಬಿದ್ದರೆ ಸುಮಾರು 900 ಲೀಟರ್ ನೀರಾಗುತ್ತದೆ. ಅದನ್ನು ಸೋಸಿ ತೊಟ್ಟಿಗೆ ಇಳಿಸಿದೆವು. ಮುಳಬಾಗಿಲಿನ ಕಡೆಯ ಗಾರೆ ಕೆಲಸದವರು ಮಾಲೂರಿನ ಇಟ್ಟಿಗೆಯಲ್ಲಿ ಕಟ್ಟೆ ಕಟ್ಟಿ, ನೆಲಕ್ಕೆ ಚಪ್ಪಡಿ ಹಾಸಿ, ನಡುವೆ ಒಂದು ಚಿಕ್ಕ ಹೌಝ್ ಮಾಡಿಕೊಟ್ಟರು. ಅದು ಹತ್ತು ಮೊಳದ್ದಲ್ಲವಾದ್ದರಿಂದ ಅದರೊಳಗೆ ಕೈಕಾಲು ಅದ್ದದೆ ಚೊಂಬಿನಲ್ಲಿ ನೀರು ತೆಗೆದು ವುಝೂ ಮಾಡುತ್ತೇವೆ. ಕೆಳಗೆ ಬಿದ್ದ ನೀರು ಶ್ರೀನಿವಾಸಪುರದಿಂದ ತಂದು ನೆಟ್ಟ ಮಾವಿನ ಸಸಿಗೆ ಹರಿಯುತ್ತದೆ. ಸೊಳ್ಳೆಯ ಮರಿಗಳನ್ನು ತಿನ್ನಲೆಂದು ಗಪ್ಪಿ ಮೀನುಗಳನ್ನು ಬಿಟ್ಟಿದ್ದೇವೆ.

ಮದೀನಾದಲ್ಲಿ ನೀರಿಗೆ ಕಷ್ಟವಿದ್ದಾಗ ಹಝ್ರತ್ ಉಸ್ಮಾನ್(ರ)ರವರು ರೂಮಾ ಬಾವಿಯನ್ನು ಕೊಂಡು ಎಲ್ಲರಿಗೂ ವಕ್ಫ್ ಮಾಡಿದರು. ಅದನ್ನು ನೆನೆದು ತಾಯಿಯವರು ಕಾಂಪೌಂಡಿನ ಆಚೆಗೆ ಬೀದಿಯ ದನಕರು, ಮೇಕೆಗಳಿಗಾಗಿ ಒಂದು ಕಲ್ಲುತೊಟ್ಟಿ ಇಡಿಸಿದರು. ಮಳೆಯ ನೀರಿರುವಷ್ಟು ದಿನ ಮೊದಲು ಅದು ತುಂಬಬೇಕು, ಆಮೇಲೆ ನಮ್ಮ ಹೌಝ್. ಇದು ಅವರ ಆಜ್ಞೆ. ಮಕ್ಕಳು ಈಗ ಕಾರಂಜಿಯನ್ನು ಕೇಳುವುದಿಲ್ಲ, ಬೆಳಿಗ್ಗೆ ಎದ್ದೊಡನೆ ತೊಟ್ಟಿಯನ್ನು ನೋಡಲು ಹೋಗುತ್ತಾರೆ. ನಮ್ಮ ಅಂಗಳದ ತಂಪು ನೆರೆಯವರ ಬಾಯಾರಿಕೆಯನ್ನು ಮರೆಸದಂತೆ ಅಲ್ಲಾಹನು ನಮ್ಮೆಲ್ಲರನ್ನೂ ಕಾಪಾಡಲಿ. ಆಮೀನ್.