‘ಪ್ರತಿಮೆ’ ಎಂಬ ಶಬ್ದದ ಅರ್ಥವಿಚಾರ

ಕಾವ್ಯವಿಮರ್ಶೆಯಲ್ಲಿ ಇಂಗ್ಲಿಷಿನ ‘ಇಮೇಜ್’ ಎಂಬ ಮಾತಿಗೆ ‘ಪ್ರತಿಮೆ’ಯೆಂಬ ಶಬ್ದವೂ, ‘ಇಮೇಜರಿ’ ಎಂಬುದಕ್ಕೆ ‘ಪ್ರತಿಮಾವಿಧಾನ’ವೆಂಬ ಶಬ್ದವೂ ಕನ್ನಡದಲ್ಲಿ ರೂಢವಾಗಿವೆ. ಲೋಕವ್ಯವಹಾರದಲ್ಲಿಯಾದರೋ ‘ಪ್ರತಿಮೆ’ಯೆಂದರೆ ಗುಡಿಯ ವಿಗ್ರಹ, ಇಲ್ಲವೆ ಊರ ಚೌಕದಲ್ಲಿ ನಿಲ್ಲಿಸಿದ ಮಹನೀಯರ ಶಿಲ್ಪ. ಕಲ್ಲಿನ ಪ್ರತಿಮೆಗೂ ಮಾತಿನ ಪ್ರತಿಮೆಗೂ ಇರುವ ಸಂಬಂಧವೇನೆಂಬುದು ವಿಚಾರಾರ್ಹವಾಗಿದೆ.

ಅಳತೆಯೆಂಬ ಅರ್ಥವುಳ್ಳ ‘ಮಾ’ ಧಾತುವಿಗೆ ‘ಪ್ರತಿ’ ಎಂಬ ಉಪಸರ್ಗವು ಸೇರಿ ಈ ಶಬ್ದವಾಗಿದೆ. ಒಂದಕ್ಕೆ ಎದುರಾಗಿಟ್ಟು ಅಳೆದುದು ಪ್ರತಿಮೆ; ಹತ್ತಿರವಿಟ್ಟು ಅಳೆಯುವುದು ಉಪಮೆ. ಇವೆರಡೂ ಒಂದೇ ಧಾತುವಿನ ಮಕ್ಕಳು. ಶ್ವೇತಾಶ್ವತರೋಪನಿಷತ್ತು ಪರಮಾತ್ಮನಿಗೆ ಪ್ರತಿಮೆಯಿಲ್ಲವೆನ್ನುವಲ್ಲಿ ಈ ಸರಿಸಾಟಿಯೆಂಬ ಅರ್ಥವು ಹೊಂದುತ್ತದೆ. ಅಮರಕೋಶವು ಪ್ರತಿಬಿಂಬ, ಪ್ರತಿಕೃತಿ, ಅರ್ಚೆ ಮೊದಲಾದುವನ್ನು ಇದರ ಪರ್ಯಾಯಗಳನ್ನಾಗಿ ಹೇಳಿದೆ. ಪ್ರಾಕೃತದಲ್ಲಿ ಇದು ‘ಪಡಿಮಾ’ ಎಂದಾಯಿತು. ಕನ್ನಡದ ‘ಪಡಿಯಚ್ಚು’, ‘ಪಡಿನೆಳಲ್’ ಎಂಬುವುಗಳಲ್ಲಿರುವ ‘ಪಡಿ’ಯೂ ಆ ‘ಪ್ರತಿ’ಯ ತದ್ಭವವೇ.

ಜೈನಪರಂಪರೆಯು ಈ ಶಬ್ದಕ್ಕೆ ಮತ್ತೊಂದು ಹಾದಿಯನ್ನು ತೆರೆಯಿತು. ಶ್ರಾವಕನ ವ್ರತದ ಹನ್ನೊಂದು ಮೆಟ್ಟಿಲುಗಳಿಗೆ ಅಲ್ಲಿ ‘ಪ್ರತಿಮೆ’ಗಳೆಂದೇ ಹೆಸರು. ಅಲುಗದೆ ನಿಂತು ಮಾಡುವ ತಪಸ್ಸು ‘ಪ್ರತಿಮಾಯೋಗ’. ಬಾಹುಬಲಿಯು ಒಂದು ವರ್ಷ ಹಾಗೆ ನಿಂತನೆಂದು ಜಿನಸೇನನು ವರ್ಣಿಸಿದ್ದಾನೆ. ಶ್ರವಣಬೆಳಗೊಳದಲ್ಲಿ ಕ್ರಿ. ಶ. 981ರ ಸುಮಾರಿಗೆ ಚಾವುಂಡರಾಯನು ನಿಲ್ಲಿಸಿದ ಶಿಲ್ಪವು ಆ ನಿಲುವನ್ನೇ ಹಿಡಿದಿದೆ. ಪೌದನಪುರದಲ್ಲಿ ಭರತನು ಮಾಡಿಸಿದ ಪ್ರತಿಮೆಯು ದುರ್ಗಮವೆಂದು ತಿಳಿದು, ಚಾವುಂಡರಾಯನು ಇದನ್ನು ಮಾಡಿಸಿದನೆಂದು ಸುಮಾರು 1180ರ ಬೊಪ್ಪಣನ ಶಾಸನವು ಹೇಳುತ್ತದೆ. ಎಂದರೆ, ಕಣ್ಣಿಗೆ ಸಿಕ್ಕದುದಕ್ಕೆ ಕಣ್ಣೆದುರು ಒಂದು ಮೈಯನ್ನು ಕೊಡುವುದೇ ಪ್ರತಿಮೆಯ ಕಾರ್ಯ.

ಇಂಗ್ಲಿಷಿನ ಶಬ್ದದ ಚರಿತ್ರೆಯೂ ಇದಕ್ಕೆ ದೂರವಲ್ಲ. ಲ್ಯಾಟಿನಿನ ‘ಇಮಾಗೊ’ ಎಂಬುದು ರೋಮನರು ಮನೆಗಳಲ್ಲಿ ಇರಿಸುತ್ತಿದ್ದ ಪೂರ್ವಿಕರ ಮೇಣದ ಮುಖಗಳಿಗೂ ಹೆಸರಾಗಿದ್ದಿತು. ಹದಿನಾಲ್ಕನೆಯ ಶತಮಾನದ ಚಾಸರನಲ್ಲಿ ‘ಇಮೇಜರಿ’ಯೆಂದರೆ ಕೆತ್ತನೆಯ ವಿಗ್ರಹಗಳೇ. ಕಾವ್ಯದ ಅರ್ಥವು ಬಳಿಕ ಬಂದುದು. ಷೇಕ್ಸ್‌ಪಿಯರನ ಪ್ರತಿಮೆಗಳನ್ನು ಕುರಿತ ಕ್ಯಾರೊಲಿನ್ ಸ್ಪರ್ಜನ್ನರ ಗ್ರಂಥವು 1935ರಲ್ಲಿ ಹೊರಬಂದಿತು. ಆದುದರಿಂದ ಕನ್ನಡದ ಆಯ್ಕೆಯು ಯಾದೃಚ್ಛಿಕವೆನಿಸದು. ಎರಡು ಭಾಷೆಗಳಲ್ಲಿಯೂ ಶಬ್ದವು ಶಿಲ್ಪದಿಂದ ಕಾವ್ಯಕ್ಕೆ ನಡೆದಿದೆ.

ಆದರೆ ಇಲ್ಲಿ ಒಂದು ಎಚ್ಚರಿಕೆಯು ಅವಶ್ಯ. ಪಾಠಹೇಳುವಾಗ ಉಪಮೆ ರೂಪಕಗಳನ್ನೇ ಪ್ರತಿಮೆಗಳೆಂದು ಎಣಿಸುವುದುಂಟು. ಅಲಂಕಾರದ ಹೆಸರುಗಳು ಎರಡು ವಸ್ತುಗಳಿಗಿರುವ ಸಂಬಂಧವನ್ನು ತಿಳಿಸುತ್ತವೆ. ಪ್ರತಿಮೆಯು ಇಂದ್ರಿಯಕ್ಕೆ ತೋರುವ ವಸ್ತುವನ್ನು ತಿಳಿಸುತ್ತದೆ. ‘ಚಂದ್ರಮುಖಿ’ ಎಂಬಲ್ಲಿ ಉಪಮೆಯಿದೆ. ಬಳಸಿ ಬಳಸಿ ಸವೆದ ಆ ಮಾತಿನಿಂದ ಚಂದ್ರನು ಯಾರ ಕಣ್ಣಿಗೂ ಮೂಡುವುದಿಲ್ಲ. ಹೋಲಿಕೆಯೇ ಇಲ್ಲದ ಸ್ವಭಾವೋಕ್ತಿಯಲ್ಲಿ ಮಾತ್ರ ಮೇಯುವ ಹಸುವಿನ ಕುತ್ತಿಗೆಯ ಗಂಟೆಯೂ ಕಿವಿಗೆ ಕೇಳಿಸಬಹುದು. ದಂಡಿಯು ಸ್ವಭಾವೋಕ್ತಿಯನ್ನು ಅಲಂಕಾರಗಳಲ್ಲಿ ಮೊದಲನೆಯದೆಂದು ಗಣಿಸಿದುದನ್ನು ಇಲ್ಲಿ ನೆನೆಯಬೇಕು. ಪ್ರತಿಮೆಯನ್ನು ಉಪಮೆಯಲ್ಲಿ ಅಡಗಿಸಿದರೆ ಇಂತಹ ವರ್ಣನೆಯ ಬೆಲೆಯು ಲೆಕ್ಕಕ್ಕೆ ಬಾರದೆ ಹೋಗುವುದು. ಉಪಮೆಯನ್ನು ಪ್ರತಿಮೆಯಲ್ಲಿ ಅಡಗಿಸಿದರೆ ಸಂಬಂಧದ ಸೂಕ್ಷ್ಮವು ಮರೆಯಾಗುವುದು. ಎರಡು ಶಬ್ದಗಳೂ ತಮ್ಮ ತಮ್ಮ ಅಳತೆಯಲ್ಲಿ ಉಳಿಯುವುದೇ ಯುಕ್ತವಾದುದು.