ಮತವೆಂಬ ಶಬ್ದದ ಎರಡರ್ಥ

ಆಲೋಚಿಸುವದೆಂಬ ಅರ್ಥದ ‘ಮನ್’ ಧಾತುವಿನಿಂದ ಹುಟ್ಟಿದ ‘ಮತ’ ಶಬ್ದಕ್ಕೆ ನಮ್ಮ ಭಾಷೆಯಲ್ಲಿ ಅಭಿಪ್ರಾಯವೆಂದೂ ಧರ್ಮವೆಂದೂ ಎರಡರ್ಥಗಳುಂಟು. ಚುನಾವಣೆಯಲ್ಲಿ ಇವೆರಡೂ ಒಂದಾದರೆ ಏನಾಗುವದೆಂಬದಕ್ಕೆ ನಮ್ಮ ಸೀಮೆಯ ಚರಿತ್ರೆಯೇ ಸಾಕ್ಷಿ.

ನವಾಬರ ಸವಣೂರು ಸಂಸ್ಥಾನವು ಧಾರವಾಡ ಜಿಲ್ಲೆಯ ನಡುವೆ ದ್ವೀಪದಂತಿತ್ತು. 1937 ಮತ್ತು 1946ರ ಮುಂಬಯಿ ಪ್ರಾಂತದ ಚುನಾವಣೆಗಳಲ್ಲಿ ನೆರೆಹಳ್ಳಿಗಳವರು ಮತ ಕೊಟ್ಟರು. ಸಂಸ್ಥಾನದ ಪ್ರಜೆಗಳಿಗೆ ಅದರ ಸಂಬಂಧವಿರಲಿಲ್ಲ. ಆದರೆ ನೆರೆಯವರ ಆ ಅಧಿಕಾರವಾದರೂ ಎಂಥದು? ಆಸ್ತಿ, ತೆರಿಗೆ, ವಿದ್ಯೆಗಳ ಅಳತೆಯಿಂದ ಕೆಲವರಿಗೆ ಮಾತ್ರ ದೊರೆತದ್ದು. ಸಾಲದ್ದಕ್ಕೆ, 1909ರ ಕಾಯದೆಯಿಂದ ಮೊದಲಾದ ಪದ್ಧತಿಯಂತೆ ಮುಸಲ್ಮಾನರ ಯಾದಿಯು ಬೇರೆ, ಸಾಮಾನ್ಯ ಯಾದಿಯು ಬೇರೆ. ಅಲ್ಪಸಂಖ್ಯಾತರ ದನಿಯು ಅಡಗೀತೆಂಬ ಭಯವು ಅದರ ಮೂಲದಲ್ಲಿದ್ದದ್ದು ನಿಜ. ಆದರೆ ಪರಧರ್ಮದವರ ಬಾಗಿಲಿಗೆ ಹೋಗುವ ಅಗತ್ಯವೇ ಇಲ್ಲದ ಉಮೇದುವಾರನು ಅವರ ಮನಸ್ಸು ನೋಯದಂತೆ ಮಾತಾಡುವ ಗೊಡವೆಗೆ ಏಕೆ ಹೋದಾನು?

1947ರ ಆಗಸ್ಟಿನಲ್ಲಿ ಸಂವಿಧಾನ ಸಭೆಯು ಈ ಪ್ರತ್ಯೇಕ ಮತಕ್ಷೇತ್ರಗಳನ್ನು ತಳ್ಳಿಹಾಕಿತು. 1948ರ ಮಾರ್ಚ್ 8ರಂದು ಸವಣೂರು ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. ಧರ್ಮ, ಜಾತಿ, ಲಿಂಗಗಳ ಭೇದವಿಲ್ಲದೆ ಒಂದು ಕ್ಷೇತ್ರಕ್ಕೆ ಒಂದೇ ಯಾದಿಯೆಂದು ಸಂವಿಧಾನದ 325ನೆಯ ಅನುಚ್ಛೇದವು ವಿಧಿಸಿತು. 1951-52ರ ಮೊದಲ ಮಹಾಚುನಾವಣೆಗೆ ದೇಶದಲ್ಲಿ ಸುಮಾರು 17 ಕೋಟಿ 30 ಲಕ್ಷ ಮತದಾರರಿದ್ದರು. ನೂರಕ್ಕೆ ಎಂಬತ್ತಕ್ಕೂ ಮಿಕ್ಕಿ ಜನ ನಿರಕ್ಷರರಾಗಿದ್ದ ಬಡ ದೇಶವಾದ್ದರಿಂದ, ಉಮೇದುವಾರನಿಗೊಂದರಂತೆ ಪೆಟ್ಟಿಗೆಯಿಟ್ಟು ಅದಕ್ಕೆ ಚಿಹ್ನೆಯನ್ನು ಅಂಟಿಸಿದರು. ಸ್ವಂತ ಹೆಸರು ಹೇಳದೆ ಇಂಥವರ ಹೆಂಡತಿ, ಇಂಥವರ ಮಗಳು ಎಂದಷ್ಟೇ ಬರೆಯಿಸಿದ ಸುಮಾರು 28 ಲಕ್ಷ ಸ್ತ್ರೀಯರು ಯಾದಿಯಿಂದ ಹೊರಗುಳಿದರು. ಇಂಥ ನ್ಯೂನತೆಗಳಿದ್ದರೂ, ನಿನ್ನೆಯವರೆಗೆ ನವಾಬರ ಪ್ರಜೆಗಳಾಗಿದ್ದ ಹಿಂದೂ ಮುಸಲ್ಮಾನರು ಒಂದೇ ಯಾದಿಯಲ್ಲಿ ಸೇರಿದ್ದು ಸಣ್ಣ ಮಾತಲ್ಲ.

ಗೋವಿಂದಭಟ್ಟರನ್ನು ಗುರುವೆಂದು ನಂಬಿದ ಶಿಶುನಾಳ ಶರೀಫರು (1819-1889) ಜನಿಸಿದ್ದು ನೆರೆಯ ಶಿಗ್ಗಾವಿ ತಾಲೂಕಿನಲ್ಲಿ. ನವಾಬರ ಈ ಊರಿನಲ್ಲಿಯೇ ಸತ್ಯಬೋಧತೀರ್ಥರ ವೃಂದಾವನವಿದೆ. ಇಂಥ ನೆಲಕ್ಕೆ ಒಂದೇ ಯಾದಿಯು ಹೊಸ ಪಾಠವಲ್ಲವೆಂದು ತೋರಬಹುದು.

ಆದರೂ ಯಾದಿಯು ಒಂದಾದ ಮಾತ್ರಕ್ಕೆ ಮನಸ್ಸು ಒಂದಾಗದು. ಇಂದು ಚುನಾವಣೆ ಬಂತೆಂದರೆ ಯಾವ ಸಮಾಜದ ಮತಗಳು ಎಷ್ಟೆಂಬ ಲೆಕ್ಕವು ಮೊದಲು. ನೀರು, ರಸ್ತೆ, ಶಾಲೆಗಳ ಮಾತು ಆಮೇಲೆ. ಒಂದು ಪಂಗಡದ ಮತಗಳೇ ಸಾಕೆಂದೆಣಿಸಿ ಇನ್ನೊಂದರ ಓಣಿಗೆ ಕಾಲಿಡದವನು, ಕಾಯದೆಯು ಅಳಿಸಿದ ಗೆರೆಯನ್ನು ಮತ್ತೆ ಎಳೆಯುತ್ತಾನೆ. ಹಾಗೆಣಿಸಲು ಅವನಿಗೆ ಧೈರ್ಯ ಕೊಡುವವರು ನಾವೇ. ಆದುದರಿಂದ ಮನೆಗೆ ಮತ ಕೇಳಲು ಬಂದವರಿಗೆ ನೀರು ಕೊಟ್ಟು ಕುಳ್ಳಿರಿಸಿ, ಮೊದಲು ಇಷ್ಟನ್ನು ಕೇಳೋಣ: “ತಾವು ಆಚೆಯ ಓಣಿಗೂ ಹೋಗಿ ಬಂದಿರಾ?”