ಚಾಗೋಸ್: ಒಡೆತನದ ವ್ಯಾಜ್ಯ, ನೆಲದ ಹಕ್ಕು

ಹಿಂದೂ ಮಹಾಸಾಗರದ ಚಾಗೋಸ್ ದ್ವೀಪಸಮೂಹವನ್ನು ಬ್ರಿಟನ್ 1965ರಲ್ಲಿ ತನ್ನ ವಸಾಹತಾದ ಮಾರಿಷಸ್‌ನಿಂದ ಬೇರ್ಪಡಿಸಿತು. ಡಿಯಾಗೊ ಗಾರ್ಸಿಯಾದಲ್ಲಿ ಅಮೆರಿಕದ ಸೇನಾನೆಲೆಗೆ ಎಡೆಮಾಡಿಕೊಡಲು 1968ರಿಂದ 1973ರ ಅವಧಿಯಲ್ಲಿ ಅಲ್ಲಿನ ಜನರನ್ನೆಲ್ಲ ಮಾರಿಷಸ್ ಮತ್ತು ಸೀಶೆಲ್ಸ್‌ಗೆ ಸಾಗಹಾಕಲಾಯಿತು. ಅವರು ತೆಂಗಿನ ತೋಟಗಳಿಗೆ ಆಫ್ರಿಕಾ, ಮಡಗಾಸ್ಕರ್‌ಗಳಿಂದ ತರಲಾದ ಗುಲಾಮರ ಹಾಗೂ ಭಾರತದಿಂದ ಬಂದ ಕರಾರು ಕೂಲಿಗಳ ಸಂತತಿ. ತಲೆಮಾರುಗಳಿಂದ ಅಲ್ಲಿಯೇ ಹುಟ್ಟಿ ಅಲ್ಲಿಯೇ ಮಣ್ಣಾದವರು, ತಮ್ಮದೇ ಕ್ರಿಯೋಲ್ ನುಡಿಯುಳ್ಳವರು. ಆದರೂ ಬ್ರಿಟಿಷ್ ಅಧಿಕಾರಿಗಳು ಅವರನ್ನು ಗುತ್ತಿಗೆ ಕೆಲಸಗಾರರೆಂದೇ ಬಿಂಬಿಸಿದರು. ಕಾಯಂ ನಿವಾಸಿಗಳೆಂದು ಒಪ್ಪಿದ್ದರೆ ವಿಶ್ವಸಂಸ್ಥೆಗೆ ಉತ್ತರ ಹೇಳಬೇಕಾಗುತ್ತಿತ್ತು.

ಆ ಬೇರ್ಪಡಿಕೆ ಕಾನೂನುಬದ್ಧವಲ್ಲವೆಂದು ಅಂತಾರಾಷ್ಟ್ರೀಯ ನ್ಯಾಯಾಲಯವು 2019ರಲ್ಲಿ ಸಲಹಾ ಅಭಿಪ್ರಾಯ ನೀಡಿತು. 2025ರ ಮೇ ತಿಂಗಳಲ್ಲಿ ಸಹಿಯಾದ ಒಪ್ಪಂದದ ಪ್ರಕಾರ ಸಾರ್ವಭೌಮತ್ವ ಮಾರಿಷಸ್‌ನದು. ಡಿಯಾಗೊ ಗಾರ್ಸಿಯಾದ ಆಡಳಿತ ಮಾತ್ರ 99 ವರ್ಷಗಳ ಕಾಲ ಬ್ರಿಟನ್‌ನ ಕೈಯಲ್ಲೇ. ಪುನರ್ವಸತಿಗೆ ಅವಕಾಶವಿರುವುದು ಉಳಿದ ದ್ವೀಪಗಳಲ್ಲಿ. ಒಪ್ಪಂದ ನಡೆದದ್ದು ಎರಡು ಸರ್ಕಾರಗಳ ನಡುವೆ. ದ್ವೀಪವಾಸಿಗಳು ಅದರ ಪಕ್ಷಕಾರರಲ್ಲ. ಅವರಲ್ಲಿಯೂ ಕೆಲವರು ಮಾರಿಷಸ್‌ನ ವಾದವನ್ನು ಬೆಂಬಲಿಸಿದರೆ, ಇನ್ನು ಕೆಲವರು ಸ್ವನಿರ್ಣಯದ ಹಕ್ಕು ತಮ್ಮದೆನ್ನುತ್ತಾರೆ. ವಸಾಹತು ವಿಮೋಚನೆಯ ಕಾನೂನು ಇಲ್ಲಿ ಎತ್ತಿಹಿಡಿದದ್ದು ಒಂದು ರಾಷ್ಟ್ರದ ಭೌಗೋಳಿಕ ಅಖಂಡತೆಯನ್ನು. ಡಿಯಾಗೊ ಗಾರ್ಸಿಯಾದಲ್ಲಿ ಹಿರಿಯರನ್ನು ಹೂಳಿದವರಿಗೆ ಮಾತ್ರ, ಒಪ್ಪಂದದಂತೆ ಒಡೆತನ ಬದಲಾಗುವುದಾದರೂ, ಅಲ್ಲಿ ಮರಳಿ ನೆಲೆಸುವ ಹಕ್ಕು ದೊರೆತಿಲ್ಲ.